ಸಾಹೇಬರಿಗೆ ಚುಚ್ಚಿದ ಸೂಜಿ

"ಕುಂಡಿ ಊರಿ ಕೂತ್ಕೊಳ್ಳೇ! ಬೇಲಿ ಮೇಲಿನ ಕಾಗೆ ಹಂಗೆ ತುದೀಲಿ ಕೂತ್ರೆ ಸೂಜಿ ಹುಡುಕೋಕೆ ನಿಮ್ಮಪ್ಪ ಬರ್ತಾನಾ?"

ಧಣಿ ಬೈದದ್ದು ಕತ್ತರಿಯಕ್ಕನ ಅತ್ತಿಗೆಯನ್ನು. ಅವಳು ಬೆದರಿ ಮೈಯ ಪೂರ್ತಿ ಭಾರವನ್ನು ಸೋಫಾದ ಮೇಲೆ ಬಿಟ್ಟಳು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿದಳು. ಏನೂ ಚುಚ್ಚಲಿಲ್ಲ.

"ಇದ್ರಲ್ಲಿಲ್ಲ ಸ್ವಾಮಿ."

"ಪಕ್ಕದ್ದಕ್ಕೆ ಹೋಗು. ನೀನೂ ಅಷ್ಟೇ ಕಣೇ ಕತ್ತರಿ, ಮುಖ ಏನು ನೋಡ್ತೀಯಾ? ಒತ್ತು."

ಕತ್ತರಿಯಕ್ಕ ಒತ್ತಿದಳು. ಆ ಕುಶನ್ನಿನ ಬಟ್ಟೆ ಕತ್ತರಿಸಿದ್ದು ಅವಳೇ, ಮಷೀನಿನ ಮೇಲೆ ಹೊಲಿದದ್ದು ಅತ್ತಿಗೆ, ಅದರ ಬಾಯಿ ಹೊಲಿದು ಮುಚ್ಚಿ ನಡುವೆ ಗುಂಡಿ ಕೂರಿಸಿದ್ದು ಗುಂಡಿಯಜ್ಜಿ. ಈಗ ಮೂವರೂ ಆ ದೊಡ್ಡ ಹಾಲಿನಲ್ಲಿ ಒಂದು ಕುಶನ್ನಿನಿಂದ ಇನ್ನೊಂದಕ್ಕೆ ಕೂತೇಳುತ್ತಿದ್ದರು. ಧಣಿ ಮಾತ್ರ ಊಟದ ಮೇಜಿನ ಮರದ ಕುರ್ಚಿ ಎಳೆದುಕೊಂಡು ನಡುವೆ ಕೂತಿದ್ದ. ಅದರ ಮೇಲೂ ಕೂರುವ ಮೊದಲು ಅಂಗೈಯಿಂದ ಒಮ್ಮೆ ಸವರಿ ನೋಡಿಕೊಂಡಿದ್ದ.

ಆದದ್ದಿಷ್ಟು. ಹಿಂದಿನ ಸಂಜೆ ಧಣಿಯ ಮನೆಗೆ ದೊಡ್ಡ ಸಾಹೇಬ ಊಟಕ್ಕೆ ಬಂದಿದ್ದ. ಧಣಿಯ ಗೋಡೌನುಗಳಿಗೆ ಪರವಾನಗಿ ಕೊಡುವವನೂ ಅವನೇ, ಕೊಡದೆ ಸತಾಯಿಸುವವನೂ ಅವನೇ. ಅವನೊಬ್ಬನಿಗಾಗಿ ಮನೆಯ ಕಿಟಕಿಗೆಲ್ಲ ನೆರಿಗೆ ಹಿಡಿದ ಹೊಸ ಪರದೆ ಬಂದಿದ್ದವು, ಸೋಫಾಗಳಿಗೆ ಹಾಲಿನ ಕೆನೆಯ ಬಣ್ಣದ ಹೊಸ ಬಟ್ಟೆ ಬಂದಿತ್ತು. ಸಾಹೇಬ ಬಂದ, ನಕ್ಕ, ಕೂತ. ಕೂತದ್ದಕ್ಕಿಂತ ಜೋರಾಗಿ ಎದ್ದ. "ಅಯ್ಯಯ್ಯಪ್ಪೋ" ಎಂದು ಹಿಂಭಾಗ ಹಿಡಿದುಕೊಂಡು ಹಾಲಿನ ತುಂಬ ಕುಣಿದನಂತೆ. ಅಡುಗೆಯವಳು ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡದ್ದನ್ನು ಧಣಿಯ ಹೆಂಡತಿ ಅಮ್ಮಾವ್ರು ನೋಡಿ ಅವಳ ಕೆನ್ನೆಗೊಂದು ಕೊಟ್ಟರಂತೆ. ಸಾಹೇಬ ಎಲೆ ಮುಟ್ಟದೆ ಹೊರಟುಬಿಟ್ಟ. "ಇದು ಬೇಕಂತ್ಲೇ ಮಾಡಿಸಿದ್ದು" ಎಂದು ಕಾರಿನ ಬಾಗಿಲು ಬಡಿದ. ಗಾಬರಿಯಲ್ಲಿ ಆಳುಗಳು ಕುಶನ್ನುಗಳನ್ನೆಲ್ಲ ಎತ್ತಿ ಕೊಡವಿ ಹೇಗೆ ಬೇಕೋ ಹಾಗೆ ಇಟ್ಟಿದ್ದರಿಂದ, ಸಾಹೇಬ ಕೂತದ್ದು ಯಾವುದರ ಮೇಲೆ ಎಂಬುದೇ ಗೊತ್ತಾಗದೆ ಹೋಯಿತು. ಬೆಳಗ್ಗೆ ಧಣಿ ಫೋನಿನಲ್ಲೇ ಅಡ್ಡಬಿದ್ದು, ಮಧ್ಯಾಹ್ನ ಚಹಾಕ್ಕಾದರೂ ಬರುವಂತೆ ಅವನನ್ನು ಒಪ್ಪಿಸಿದ್ದ.

"ಹೊಲಿಗೆ ಬಿಚ್ಚಿ ನೋಡ್ಬಿಡ್ತೀವಿ ಧಣಿ" ಎಂದು ಕತ್ತರಿಯಕ್ಕ ಬಂದ ಕೂಡಲೇ ಹೇಳಿದ್ದಳು. "ಎಲ್ಲಿದ್ರೂ ಸಿಗತ್ತೆ. ಮತ್ತೆ ಮುಚ್ಚಿ ಕೊಡ್ತೀವಿ."

"ಬಿಚ್ಚೋದು ಬೇಡ. ಅವರಿಗೆ ಹೆಂಗೆ ಚುಚ್ತೋ ನಿಮಗೂ ಹಂಗೇ ಚುಚ್ಬೇಕು. ಕೂತೇ ಹುಡುಕಿ."

ಸೂಜಿ ತಮ್ಮದೇ ಎಂದು ಕತ್ತರಿಯಕ್ಕನಿಗೆ ಗೊತ್ತಿತ್ತು. ಗುಂಡಿಯಜ್ಜಿಯ ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ಬೆರಳ ತುದಿಯಿಂದಲೇ ನೋಡಿ ಹೊಲಿಯುತ್ತಿದ್ದಳು. ಕಡೆಯ ಕುಶನ್ನಿನ ಬಾಯಿ ಮುಚ್ಚುವಾಗ ಅವಳ ಕೈಯಲ್ಲಿದ್ದ ಸೂಜಿ ಕಾಣೆಯಾಗಿ, ಮೂವರೂ ನೆಲದ ಮೇಲೆ ತಡಕಾಡುತ್ತಿರುವಾಗಲೇ ಕುಶನ್ನು ಒಯ್ಯಲು ಧಣಿಯ ವ್ಯಾನು ಅವರು ಹೊಲಿಯುವ ಶೆಡ್ಡಿನ ಮುಂದೆ ಹಾರನ್ ಹೊಡೆಯುತ್ತ ನಿಂತಿತ್ತು. ಶೆಡ್ಡು ಧಣಿಯದೇ, ಅವನ ಗೋಡೌನಿನ ಹಿಂದಿನ ತಗಡಿನದು. ಹೊರಗೆ ಕತ್ತರಿಗಿಂತ ನಾಲಿಗೆ ಹರಿತ ಎಂದು ಹೆಸರು ಪಡೆದ ಕತ್ತರಿಯಕ್ಕ, ಈ ಮನೆಯ ಹಿತ್ತಲ ಬಾಗಿಲು ದಾಟಿದರೆ ಸಾಕು, ಬಾಯಿಗೆ ಹೊಲಿಗೆ ಹಾಕಿಕೊಂಡವಳಂತಾಗುತ್ತಿದ್ದಳು.

ಅಮ್ಮಾವ್ರು ಮೆಟ್ಟಿಲಿಳಿದು ಬಂದರು. ಸೋಫಾಗಳ ಮೇಲೆ ಹೊರಳುತ್ತಿದ್ದ ಹೆಂಗಸರನ್ನು ಕಂಡು ಮೂಗಿಗೆ ಸೆರಗು ಹಿಡಿದರು.

"ಥೂ, ಏನ್ರೀ ಇದು! ಇವರ ಮೈ ತಾಗಿದ್ದನ್ನ ನಾನು ಮನೇಲಿಟ್ಕೊಳಲ್ಲ."

"ಸಾಹೇಬರು ಬಂದು ಹೋಗ್ಲಿ ಇರು. ಆಮೇಲೆ ಎಲ್ಲಾನೂ ಸುಟ್ಹಾಕೋಣ. ಇವರ ಕೈಲೇ ಬೇರೆ ಹೊಲಿಸಿದ್ರಾಯ್ತು."

"ಕೈ ತಾಗಿದ್ರೆ ನಡಿಯತ್ತೆ, ಕುಂಡಿ ತಾಗಿದ್ರೆ ಸುಡ್ಬೇಕಂತೆ" ಎಂದು ಅತ್ತಿಗೆ ಗೊಣಗಿದಳು. ಕತ್ತರಿಯಕ್ಕ ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದಳು.

ಗುಂಡಿಯಜ್ಜಿ ಕಿಟಕಿಯ ಪಕ್ಕದ ಒಂಟಿ ಸೋಫಾದ ಹತ್ತಿರ ನಿಂತಿದ್ದಳು. ಪರದೆ ತೂಗುಹಾಕುವ ದಿನ ನಿಂತು ನಿಂತು ತಲೆ ಸುತ್ತಿ ಇದೇ ಸೋಫಾದ ಕೈಗೆ ಒರಗಿದ್ದಕ್ಕೆ ಅಮ್ಮಾವ್ರು, "ಹೊಸ ಬಟ್ಟೆ ಕಣೇ ಮುದುಕಿ, ಕಣ್ಣಿಲ್ವಾ?" ಎಂದು ಕಿರುಚಿ, ಒರಗಿದ ಜಾಗವನ್ನು ಆಳಿನಿಂದ ಒರೆಸಿಸಿದ್ದರು. ಅಂದು ಒರಗಿದ್ದಕ್ಕೆ ಬೈಗುಳ. ಇಂದು ಒರಗದಿದ್ದಕ್ಕೆ.

"ಏ ಮುದುಕಿ, ನಿನಗೇನು ಬೇರೆ ಕರೀಬೇಕಾ? ಕೂತ್ಕೋ."

ಅಜ್ಜಿ ಮೆಲ್ಲಗೆ ಕೂತಳು. ಕೂತವಳ ಮುಖ ಒಂದು ಕ್ಷಣ ಬಿಗಿಯಿತು, ಮತ್ತೆ ಸಡಿಲಾಯಿತು. ತುಟಿ ಒಂದರ ಮೇಲೊಂದು ಕೂತವು.

"ಇದೆಯಾ?"

ಅಜ್ಜಿ ತಲೆಯಾಡಿಸಿದಳು, ಇಲ್ಲವೆಂಬಂತೆ.

"ಹಂಗಾದ್ರೆ ಏಳು."

ಅಜ್ಜಿ ಏಳಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಪಟ ತೆಗೆಸಿಕೊಳ್ಳಲು ಕೂತವಳಂತೆ ನೇರ ಕೂತಿದ್ದಳು. ಹಣೆಯ ಮೇಲೆ ಬೆವರು ಕೂತಿತ್ತು.

"ನೋಡಿದ್ಯೇನೇ, ಮೆತ್ತನೆ ಜಾಗ ಸಿಕ್ಕಿದ್ದೇ ತಡ ಮುದುಕಿಗೆ ರಾಣಿ ಆದ ಹಂಗಾಗ್ಬಿಟ್ಟಿದೆ" ಎಂದು ಧಣಿ ನಕ್ಕ. ಅಮ್ಮಾವ್ರೂ ನಕ್ಕರು.

ಕತ್ತರಿಯಕ್ಕ ನಗಲಿಲ್ಲ. ಈ ಮುಖ ಅವಳಿಗೆ ಗೊತ್ತು. ಒಮ್ಮೆ ಮಷೀನಿನ ಸೂಜಿ ಉಗುರಿನೊಳಗೆ ಮುರಿದುಕೊಂಡಾಗಲೂ ಅಜ್ಜಿ ಹೀಗೇ ತುಟಿ ಕೂಡಿಸಿ ಕೂತಿದ್ದಳು. ಎದ್ದರೆ ಸೂಜಿ ಕಾಣುತ್ತದೆ, ಅದಕ್ಕೇ ಏಳುತ್ತಿಲ್ಲ. ಕತ್ತರಿಯಕ್ಕ ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜೀ, ಎಲ್ಲಿ?"

"ಸುಮ್ನಿರೇ" ಎಂದಳು ಅಜ್ಜಿ, ತುಟಿ ಬಿಚ್ಚದೆ. "ಹೆಂಗೋ ಸೀರೇಲಿ ಸಿಗಿಸ್ಕೊಂಡು ಹೋಗ್ಬಿಡ್ತೀನಿ. ನಿನ್ನ ಶೆಡ್ಡು ಉಳಿಯತ್ತೆ."

ಕತ್ತರಿಯಕ್ಕ ಅವಳ ಸೊಂಟ ಹಿಡಿದು ತುಸು ಎತ್ತಿದಳು. ಸೂಜಿ ತೊಡೆಯೊಳಗೆ ಅರ್ಧ ಇಳಿದಿತ್ತು. ಎರಡು ಬೆರಳಿನಿಂದ ಹಿಡಿದು ಎಳೆದಳು. ಅಜ್ಜಿಯ ಮೂಗಿನಿಂದ ಮಾತ್ರ ಒಂದು ಉಸಿರು ಬಂತು.

"ಸಿಕ್ತು" ಎಂದಳು ಕತ್ತರಿಯಕ್ಕ.

"ಅಯ್ಯೋ ರಕ್ತ!" ಅಮ್ಮಾವ್ರು ಓಡಿ ಬಂದರು. "ನೋಡ್ರೀ, ಬಟ್ಟೆಗೆ ಮೆತ್ಕೊಂಡ್ಬಿಡ್ತು! ಸಾಹೇಬರು ಬರೋ ಹೊತ್ತಿಗೆ ಇದನ್ನೇನು ಮಾಡ್ಲಿ? ಅದ್ರ ಮೇಲೆ ಒಂದು ಶಾಲಾದ್ರೂ ಹೊದಿಸಿ."

ಧಣಿ ಕುರ್ಚಿ ತಳ್ಳಿ ಎದ್ದ. "ಯಾವಳದ್ದೇ ಸೂಜಿ?"

"ನಂದು" ಎಂದಳು ಕತ್ತರಿಯಕ್ಕ.

"ಅವಳದ್ದಲ್ಲ ಧಣಿ, ನಂದು" ಎಂದಳು ಅಜ್ಜಿ. "ಕಣ್ಣು ಕಾಣಲ್ಲ ನೋಡಿ. ಒಳಗೆ ಉಳ್ಕೊಂಡಿದ್ದು ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂತ ನನಗೆ ಹೇಳ್ಬೇಡ. ಸಾಹೇಬರು ಬಂದ ಕೂಡ್ಲೇ ಅವರ ಕಾಲಿಗೆ ಬೀಳು. ಬಿದ್ದು, ಹೊಟ್ಟೆಕಿಚ್ಚಿಗೆ ಬೇಕಂತ್ಲೇ ಇಟ್ಟೆ, ತಪ್ಪಾಯ್ತು ಅನ್ನು."

"ಬೇಕಂತ ಇಡ್ಲಿಲ್ವಲ್ಲ ಧಣಿ."

"ಅವರು ಬೇಕಂತ್ಲೇ ಅಂದಿದಾರೆ. ಅಷ್ಟು ದೊಡ್ಡ ಮನುಷ್ಯರು ಸುಳ್ಳು ಹೇಳ್ತಾರಾ? ನಾನು ಇಟ್ಟೆ ಅಂದ್ಕೊಂಡಿದಾರೆ, ನೀನು ಇಟ್ಟೆ ಅಂತಾಗ್ಬೇಕು. ಆಮೇಲೆ ಅವರು ಒದೀಲಿ, ಪೊಲೀಸಿಗೆ ಕೊಡ್ಲಿ, ಅದು ಅವರಿಷ್ಟ." ಅವನು ಕತ್ತರಿಯಕ್ಕನ ಕಡೆ ತಿರುಗಿದ. ದನಿ ಇಳಿಯಿತು, ಬೆಣ್ಣೆ ಸವರಿದಂತಾಯಿತು. "ನೋಡು, ನೀನು ಬುದ್ಧಿ ಇರೋಳು. ಗೋರಿಗೆ ಕಾಲು ಚಾಚ್ಕೊಂಡಿರೋ ಮುದುಕಿ ಇದು. ಇದನ್ನ ಬಿಟ್ಕೊಡು, ನಿನ್ನ ಶೆಡ್ಡಿಗೆ ನಾನು ಕೈ ಹಚ್ಚಲ್ಲ. ಈ ಹಾಳು ಬಟ್ಟೆ ಎಲ್ಲಾ ಸುಟ್ಟು ಹೊಸದಕ್ಕೂ ನಿನಗೇ ಹೇಳ್ತೀನಿ."

ಅತ್ತಿಗೆ ಕತ್ತರಿಯಕ್ಕನ ಮುಖ ನೋಡಿದಳು. ಅವಳ ಕಣ್ಣಲ್ಲಿ ಶೆಡ್ಡಿತ್ತು, ಎರಡು ಮಷೀನಿತ್ತು, ಅರ್ಧ ಹೊಲಿದಿಟ್ಟು ಬಂದ ಬೇರೆ ಮನೆಗಳ ಪರದೆಯ ರಾಶಿಯಿತ್ತು. ಕತ್ತರಿಯಕ್ಕನ ಅಣ್ಣ ಸತ್ತಮೇಲೆ ಆ ಶೆಡ್ಡೇ ಅತ್ತಿಗೆಗೆ ಗಂಡ, ಅದೇ ತವರು.

"ಬೀಳ್ತೀನಿ ಬಿಡೇ" ಎಂದಳು ಅಜ್ಜಿ. "ಯಾರ್ಯಾರದೋ ಕಾಲಿಗೆ ಬಿದ್ದಿದೀನಿ. ಇವನದೇನು, ಚಿನ್ನದ ಕಾಲಾ?"

ಹೂಂ ಅನ್ನುವ ಮಾತು ಕತ್ತರಿಯಕ್ಕನ ನಾಲಿಗೆಯ ತುದಿಗೂ ಬಂತು. ಅದೇ ಅವಳಿಗೆ ಅಸಹ್ಯವಾಯಿತು. ಧಣಿಯ ಮೇಲೆ ಹುಟ್ಟಿದ್ದಕ್ಕಿಂತ ಹೆಚ್ಚಿನ ಹೇಸಿಗೆ ತನ್ನ ನಾಲಿಗೆಯ ಮೇಲೆ ಹುಟ್ಟಿತು. ಸೂಜಿಯನ್ನು ಸೆರಗಿಗೆ ಒರೆಸಿದಳು.

"ಧಣಿ, ನಿಮ್ಮ ಸಾಹೇಬನ ಕುಂಡಿಗೆ ತುದಿ ತಾಗಿದ್ದಕ್ಕೆ ಊರೆಲ್ಲಾ ಕೇಳೋ ಹಂಗೆ ಅರಚ್ಕೊಂಡ. ಇವಳಿಗೆ ಅರ್ಧ ಸೂಜಿ ಇಳಿದಿದೆ. ಉಸಿರೆತ್ತಿದ್ಲಾ? ಯಾರು ಯಾರ ಕಾಲಿಗೆ ಬೀಳ್ಬೇಕು?"

"ಏನಂದ್ಯೇ ಬೋಳಿ?"

"ಕಿವೀಲಿ ಹತ್ತಿ ಇದ್ರೆ ತೆಗೀರಿ, ಇನ್ನೊಂದ್ಸಲ ಹೇಳ್ತೀನಿ."

ಕತ್ತರಿಯಕ್ಕ ಸೂಜಿ ಹಿಡಿದುಕೊಂಡು ಹಾಲಿನ ಸುತ್ತ ಹೊರಟಳು. ಕೆಲಸ ಮುಗಿಸಿ ಒಪ್ಪಿಸುವಾಗ ಮಾಡುವಂತೆ ಒಂದೊಂದು ಕುಶನ್ನನ್ನೂ ತಟ್ಟಿದಳು, ಮೂಲೆ ಎಳೆದು ನೇರ ಮಾಡಿದಳು, ಅಂಗೈಯಲ್ಲಿ ಸವರಿದಳು. ಉದ್ದ ಸೋಫಾ, ಒಂಟಿ ಸೋಫಾ, ಕಿಟಕಿಯ ಕಟ್ಟೆಯ ಮೇಲಿನ ಹಾಸು, ಒಂದನ್ನೂ ಬಿಡಲಿಲ್ಲ. ಧಣಿ "ಏನು ಮಾಡ್ತಿದೀಯೇ, ಏನು ಮಾಡ್ತಿದೀಯೇ" ಎನ್ನುತ್ತ ಹಿಂದೆಯೇ ಸುತ್ತಿದ. ಸುತ್ತು ಮುಗಿಸಿ ಅವಳು ಅವನ ಮುಖದ ಮುಂದೆ ಎರಡೂ ಅಂಗೈ ಬಿಚ್ಚಿ ಹಿಡಿದಳು. ಖಾಲಿ.

"ಸೂಜಿ ಎಲ್ಲೇ?"

"ಇಲ್ಲೇ ಇದೆ. ಯಾವುದರಲ್ಲಿ ಅಂತ ಕೇಳ್ಬೇಡಿ. ಈ ಸಲ ಮಾತ್ರ ಬೇಕಂತ್ಲೇ ಇಟ್ಟಿದೀನಿ. ಸಾಹೇಬರು ಬರ್ತಾರಲ್ಲ, ಆರಾಮಾಗಿ ಕೂರಿಸಿ."

ಧಣಿ ಕೈಯೆತ್ತಿದ. ಅತ್ತಿಗೆ, ಅದುವರೆಗೂ ಕೋಳಿಯಂತೆ ಮುದುಡಿದ್ದವಳು, ನಡುವೆ ಬಂದು ನಿಂತಳು. ಅವಳ ಕೈಯಲ್ಲಿ ಬಟ್ಟೆಯ ದೊಡ್ಡ ಕತ್ತರಿ ಇತ್ತು. ಯಾವಾಗ ಚೀಲದಿಂದ ತೆಗೆದಳೋ ಯಾರಿಗೂ ಗೊತ್ತಾಗಲಿಲ್ಲ. ಕತ್ತರಿ ಕಂಡು ಧಣಿ ಒಂದು ಹೆಜ್ಜೆ ಹಿಂದೆ ಹೋದ. ಹಿಂದೆ ಸೋಫಾ ಇತ್ತು. ಕಾಲಿಗೆ ತಾಗಿ ಬೀಳುವಂತಾದವನು ಬೆಂಕಿ ತುಳಿದವನಂತೆ ಹಾರಿ ಪಕ್ಕಕ್ಕೆ ನಿಂತ.

ಅಡುಗೆಮನೆಯ ಬಾಗಿಲ ಹಿಂದಿನಿಂದ ಯಾರೋ ಫಕ್ಕನೆ ನಕ್ಕರು.

ಮೂವರೂ ಮುಂಬಾಗಿಲಿನಿಂದ ಹೊರಬಂದರು.

"ಸಂಜೆಯೊಳಗೆ ನಿಮ್ಮನ್ನ ಬೀದಿಗೆ ಹಾಕ್ದೆ ಇದ್ರೆ ನನ್ನ ಹೆಸರು ಬೇರೆ ಇಡಿ, ಸೂಳೇರಾ!" ಎಂಬ ಧಣಿಯ ಕೂಗು ಗೇಟಿನ ತನಕ ಅಟ್ಟಿಕೊಂಡು ಬಂತು.

ಅವನಿಗೆ ಆ ಶ್ರಮ ಕೊಡುವುದು ಬೇಡವೆಂದು ಅವರೇ ಶೆಡ್ಡು ಖಾಲಿ ಮಾಡಿ ಬೀದಿಗೆ ಬಂದರು. ಅತ್ತಿಗೆ ಅಳುತ್ತಲೇ ಒಂದು ಮಷೀನನ್ನು ಎಳೆದು ತಂದಳು, ಕತ್ತರಿಯಕ್ಕ ಇನ್ನೊಂದನ್ನು. ಪರದೆಯ ಗಂಟುಗಳು, ರಿಂಗಿನ ಡಬ್ಬಿಗಳು, ಹತ್ತಿಯ ಮೂಟೆ ಎಲ್ಲ ಚರಂಡಿಯ ಪಕ್ಕ ರಾಶಿ ಬಿದ್ದವು. ಎಲ್ಲಿಗೆ ಹೋಗುವುದು ಎಂದು ಅತ್ತಿಗೆ ಕೇಳಿದಳು. ಕತ್ತರಿಯಕ್ಕನಿಗೆ ಗೊತ್ತಿರಲಿಲ್ಲ. "ಸುಮ್ನೆ ಎಳಿ" ಎಂದಳು. ಅಜ್ಜಿ ಹತ್ತಿಮೂಟೆಯ ಮೇಲೆ ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಿದ್ದಳು. ಸೀರೆಯ ಮೇಲಿನ ಕಲೆ ಒಣಗಿ ಕಪ್ಪಾಗಿತ್ತು.

ಗೋಡೌನಿನ ಕಾವಲಿನವನು ಬೀಗ ಹಿಡಿದು ಬಂದಾಗ ಶೆಡ್ಡು ಖಾಲಿಯಾಗಿತ್ತು. "ನನ್ನನ್ನ ಬೈಬೇಡಿ ತಾಯಿ, ಹೊಟ್ಟೆಪಾಡು" ಎನ್ನುತ್ತ ಬೀಗ ಜಡಿದ. ಆಮೇಲೆ ಅತ್ತಿತ್ತ ನೋಡಿ ಹತ್ತಿರ ಬಂದ.

"ಸಾಹೇಬರು ಬಂದಿದಾರೆ. ಅಲ್ಲಿ ಯಾರೂ ಕೂತಿಲ್ಲ ಕಣವ್ವಾ. ಎಲ್ಲಾರೂ ನಿಂತ್ಕೊಂಡೇ ಚಹಾ ಕುಡೀತಿದಾರೆ. ಸಾವಿನ ಮನೆ ಹಂಗಿದೆ." ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು ಹೋದ.

ಅಜ್ಜಿ ಕುತ್ತಿಗೆ ಚಾಚಿದಳು. "ಯಾವುದಕ್ಕೆ ಚುಚ್ದೆ? ಉದ್ದ ಸೋಫಾಕ್ಕಾ?"

ಕತ್ತರಿಯಕ್ಕ ತುರುಬಿಗೆ ಕೈ ಹಾಕಿ ಸೂಜಿಯನ್ನು ಹೊರತೆಗೆದಳು. "ಎಲ್ಲೂ ಚುಚ್ಲಿಲ್ಲ ಅಜ್ಜೀ. ಆ ಅಡುಗೆಯವಳೋ ಕಸದವಳೋ ಮುಟ್ಟಿದ್ರೆ ಅಂತ."

ಅಜ್ಜಿ ಪೊರೆಗಣ್ಣಿನಿಂದ ಅವಳನ್ನೇ ನೋಡಿದಳು. ಮುಖದ ಮೇಲೆ ಸಂತೋಷವೇನೂ ಕಾಣಲಿಲ್ಲ.

"ಥೂ, ನಿನ್ನ ಮುಖಕ್ಕಿಷ್ಟು! ಶೆಡ್ಡು ಹೋಯ್ತು, ಅನ್ನ ಹೋಯ್ತು. ಚುಚ್ಚಿಯಾದ್ರೂ ಬರ್ಬಾರ್ದಿತ್ತೇನೇ ಮುಂಡೇದೇ? ಕೊಡಿಲ್ಲಿ."

ಸೂಜಿ ಕಿತ್ತುಕೊಂಡಳು. ಬೆರಳಿನಿಂದ ಮೊನೆ ಮುಟ್ಟಿ ನೋಡಿ, ರವಿಕೆಯ ತೋಳಿಗೆ ಸಿಕ್ಕಿಸಿಕೊಂಡಳು. ಮಷೀನಿನ ಗಾಲಿ ಹಿಡಿದು ಎದ್ದಳು.

"ಎಲ್ಲಿಗೆ ಅಜ್ಜೀ?" ಅತ್ತಿಗೆ ಗಾಬರಿಯಾದಳು.

"ಸಾಹೇಬರ ಕಾಲಿಗೆ ಬೀಳ್ಬೇಕು ಅಂದ್ನಲ್ಲ ಧಣಿ. ಹೋಗಿ ಬೀಳ್ತೀನಿ. ಸ್ವಲ್ಪ ಹತ್ತಿರದಿಂದ."

ಒಂದು ಕಾಲು ಎಳೆಯುತ್ತ ರಸ್ತೆಯ ನಡುವೆಯೇ ಹೊರಟಳು. ಎದುರು ಬಂದ ಗಾಡಿಯವನು ಬೈದು ಪಕ್ಕಕ್ಕೆ ಹೋದ. ಅತ್ತಿಗೆ "ತಡಿಯೇ ಅವಳನ್ನ, ತಡಿಯೇ" ಎಂದು ಭುಜ ಅಲುಗಿಸುತ್ತಿದ್ದಳು. ಕತ್ತರಿಯಕ್ಕ ತಡೆಯಲಿಲ್ಲ. ಮಷೀನಿಗೆ ಒರಗಿ, ರಸ್ತೆಯ ತುದಿಯ ಧಣಿಯ ಮನೆಯ ಗೇಟು ತೆರೆಯುವ ಸದ್ದಿಗೆ ಕಿವಿಗೊಟ್ಟು ನಿಂತಳು.