ಹದದಕ್ಕನ ನಾಲಿಗೆ

ಸೊಸೆಯ ಕಾಲು ಮತ್ತೆ ಊದಿಕೊಂಡಿತ್ತು. ಏಳು ತಿಂಗಳ ಬಸುರಿ. ಮನೆಗೆ ಬಂದ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಇನ್ನೊಂದು ಸಲ ನೋಡಿದರು. ಹದದಕ್ಕನಿಗೆ ಅಲ್ಲೇ ಅನುಮಾನ ಬಂತು.

ಹದದಕ್ಕ ಎಂದರೆ ಈ ಮನೆಯ ಅತ್ತೆ. ಉಪ್ಪು ಹಾಕಿದ ಕಡಲೆಬೀಜ ಹುರಿಯುವ ಅಂಗಡಿಯಲ್ಲಿ ಕೆಲಸ. ಹುರಿದ ಬೀಜವನ್ನು ಆಕೆ ಬಾಯಿಗೆ ಹಾಕಿಕೊಂಡು "ಹೂಂ, ಹದ ಬಂತು" ಅನ್ನುವ ತನಕ ಒಂದು ಪ್ಯಾಕೆಟ್ಟೂ ಮುಚ್ಚುವಂತಿಲ್ಲ. ಬೆಳಗಿನಿಂದ ಸಂಜೆವರೆಗೆ ರುಚಿ ನೋಡುವುದಕ್ಕೇ ಸಂಬಳ. ಆ ನಾಲಿಗೆಯ ಬಗ್ಗೆ ಆಕೆಗೆ ಜಂಬವೋ ಜಂಬ.

"ಬಿಪಿ ಇಳಿದಿಲ್ಲ. ಊಟದಲ್ಲಿ ಉಪ್ಪು ಕಮ್ಮಿ ಮಾಡಿ ಅಂದಿದ್ನಲ್ಲಾ," ಎಂದರು ಸಿಸ್ಟರ್.

"ಮಾಡಿದ್ದೀನಮ್ಮಾ! ಬಾಯಿಗೆ ಇಟ್ರೆ ಸಪ್ಪೆ ಅನ್ಸುತ್ತೆ. ನಿಮ್ಮ ಮಿಷನ್ನೇ ಕೆಟ್ಟಿರ್ಬೇಕು ನೋಡಿ."

"ಮಿಷನ್ ಸರಿಯಾಗಿದೆ ಅಕ್ಕಾ. ಹೀಗೇ ಏರ್ತಾ ಹೋದ್ರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು."

ಆ ಮಾತು ಹದದಕ್ಕನ ಎದೆಗೆ ನಾಟಿತು. ಹೆದರಿಕೆ ಆದಾಗಲೆಲ್ಲ ಆಕೆ ಯಾರನ್ನಾದರೂ ಅನುಮಾನಿಸುತ್ತಾಳೆ, ಅದು ಆಕೆಯ ಸ್ವಭಾವ. ಮಾತ್ರೆ ಅಂಗಡಿಯವನಿಗೂ ಸಿಸ್ಟರಿಗೂ ಏನೋ ಒಳಸಂಚು ಇರಬೇಕು ಅಂದುಕೊಂಡಳು. ಆದರೆ ಸೊಸೆಯ ಬಿಪಿ ಮಾತ್ರೆ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಹಾಗಾದರೆ ಸೊಸೆಯೇ! ಕದ್ದು ಏನೋ ಕುರುಕುತ್ತಿದ್ದಾಳೆ.

ಸೊಸೆ ಸ್ನಾನಕ್ಕೆ ಹೋದದ್ದೇ ತಡ, ದಿಂಬಿನಡಿ ಕೈಯಾಡಿಸಿದಳು. ಹೊಲಿಗೆ ಮಿಷನ್ನಿನ ಡ್ರಾಯರ್ ತೆಗೆದಳು. ಮಡಚಿಟ್ಟ ಬಟ್ಟೆ ಕೊಡವಿದಳು. ಸಿಕ್ಕಿದ್ದು ಒಂದು ಹೇರ್‌ಪಿನ್ನು. 'ಎಂಥಾ ಕಿಲಾಡಿ! ಖಾಲಿ ಪ್ಯಾಕೆಟ್ಟೂ ಉಳಿಸಿಲ್ಲ' ಎಂದುಕೊಂಡಳು.

ಮುಂದಿನ ಸಲ ಸಿಸ್ಟರ್ ಬಂದಾಗ ಹದದಕ್ಕ ಅಂಗಡಿಯಿಂದ ಆಗಷ್ಟೇ ಬಂದು ಅಡುಗೆಗೆ ನಿಂತಿದ್ದಳು. ತರಕಾರಿ ಕುದಿಯುತ್ತಿತ್ತು. ಚಿಟಿಕೆ ಉಪ್ಪು ಹಾಕಿದಳು, ರುಚಿ ನೋಡಿದಳು. ಇನ್ನೊಂದು ಚಿಟಿಕೆ ಹಾಕಿದಳು, ಮತ್ತೆ ನೋಡಿದಳು. ಆಮೇಲೆ ಇನ್ನೊಂದು. ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಒಳಗೆ ಬಂದು ಒಂದು ಚಮಚ ತೆಗೆದು ಬಾಯಿಗಿಟ್ಟು ಮುಖ ಕಿವುಚಿದರು.

"ಅಕ್ಕಾ, ಇದು ನಿಮಗೆ ಸಪ್ಪೆಯಾ?"

"ಮತ್ತೆ? ಉಪ್ಪೇ ಇಲ್ಲ!"

ಅಲ್ಲೇ ಇದ್ದ ಮಗನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಓಹೋ, ಎಲ್ಲರೂ ಒಂದಾಗಿದ್ದಾರೆ! ಹದದಕ್ಕನಿಗೆ ಮೈಯೆಲ್ಲಾ ಉರಿಯಿತು. ಬಟ್ಟಲಿಗೆ ಬಡಿಸಿಕೊಂಡು ಸೀದಾ ಪಕ್ಕದ ಮನೆಗೆ ನಡೆದಳು. ಅಲ್ಲಿನ ಇಸ್ತ್ರಿಯಮ್ಮ ಯಾರ ಮುಲಾಜಿಗೂ ಬೀಳುವವಳಲ್ಲ.

"ನೋಡೇ, ಇದ್ರಲ್ಲಿ ಉಪ್ಪು ಇದೆಯಾ, ಇಲ್ವಾ? ನಿಜ ಹೇಳು."

ಇಸ್ತ್ರಿಯಮ್ಮ ಒಂದು ತುತ್ತು ನುಂಗಿ ಚೊಂಬು ನೀರು ಕುಡಿದಳು. "ನಿಜ ಹೇಳ್ಲಾ? ನೀನು ಏನು ಕೊಟ್ರೂ ನಾನು ಬಿಸಿನೀರು ಬೆರೆಸ್ಕೊಂಡೇ ತಿನ್ನೋದು. ದಿನವಿಡೀ ಉಪ್ಪುಬೀಜ ಮೆಲ್ಲೋ ನಾಲಿಗೆ, ಎಲ್ಲಿಂದ ಗೊತ್ತಾಗ್ಬೇಕು? ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ."

ಹದದಕ್ಕ ಬಟ್ಟಲು ಹಿಡಿದು ವಾಪಸ್ ಬಂದಳು. ಹೊಸ್ತಿಲಲ್ಲೇ ಕುಳಿತು ಸಿಸ್ಟರ್ ಕಡೆ ನೋಡಿದಳು.

"ಅವಳ ದಿಂಬಿನಡಿ ಹುಡುಕಿದ್ನಲ್ಲಮ್ಮಾ... ನನ್ನ ಕೈಯಾರೆ ನಾನೇ ಉಪ್ಪು ತಿನ್ನಿಸ್ತಿದ್ದೆ!" ಸೊಸೆಯ ಕಡೆ ತಿರುಗಿದಳು. "ಯಾಕೇ, ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಸುಸ್ತಾಗಿ ಬಂದು ಅಡುಗೆ ಮಾಡ್ತೀರಿ ಅತ್ತೆ. ಹೇಗೆ ಹೇಳ್ಲಿ?" ಸೊಸೆಯ ಕಣ್ಣೂ ತುಂಬಿತ್ತು.

"ಹಾಗಾದ್ರೆ ಇವತ್ತಿಂದ ಉಪ್ಪೂ ಬೇಡ, ಅರ್ಧ ಹೊಟ್ಟೆ ಗಂಜಿ ಸಾಕು. ಉಪ್ಪು ನಿಂತ ಮೇಲೆ ಮಾತ್ರೆನೂ ಬಿಡಿಸ್ಲಾ?" ಎಂದು ಹದದಕ್ಕ ಸಿಸ್ಟರನ್ನು ಕೇಳಿದಳು.

ಸಿಸ್ಟರಿಗೆ ನಗು ಬಂತು. "ಅಯ್ಯೋ, ಒಂದು ದಡದಿಂದ ಇನ್ನೊಂದಕ್ಕೆ ಹಾರ್ಬೇಡಿ ಅಕ್ಕಾ! ಬಿಪಿಗೆ ಉಪ್ಪೊಂದೇ ಕಾರಣ ಅಲ್ಲ. ಎಷ್ಟು ಜಾಗ್ರತೆಯಾಗಿದ್ರೂ ಕೆಲವರಿಗೆ ಬರುತ್ತೆ. ಉಪ್ಪು ಪೂರ್ತಿ ಬಿಡೋದು ಬೇಡ, ಹಿತಮಿತವಾಗಿರ್ಲಿ. ಪ್ಯಾಕೆಟ್ ತಿಂಡಿ, ಉಪ್ಪು ಹಾಕಿಟ್ಟ ಪದಾರ್ಥ ದೂರ ಇಡಿ. ಹೊಟ್ಟೆ ತುಂಬಾ ಊಟ ಹಾಕಿ. ಸೊಪ್ಪು, ತರಕಾರಿ, ಹಣ್ಣು, ಕಾಳು, ಹಾಲು, ಮೊಸರು, ತಿನ್ನೋರಾದ್ರೆ ಮೊಟ್ಟೆ. ಆದ್ರೆ ಊಟ ಮಾತ್ರೆಯ ಬದಲಿಗೆ ಅಲ್ಲ, ಜೊತೆಗೆ. ಡಾಕ್ಟ್ರು ಹೇಳದೆ ಒಂದು ಮಾತ್ರೆನೂ ತಪ್ಪಿಸ್ಬೇಡಿ."

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಗೊತ್ತಾಗೋದು ಹೇಗೆ?" ಮಗ ಕೇಳಿದ.

"ಜೋರು ತಲೆನೋವು, ಕಣ್ಣು ಮಂಜಾಗೋದು, ಮುಖ ಕೈ ಇದ್ದಕ್ಕಿದ್ದಂತೆ ಊದೋದು, ಪಕ್ಕೆಲುಬಿನ ಕೆಳಗೆ ಹೊಟ್ಟೆನೋವು, ಉಸಿರಾಟದ ತೊಂದರೆ. ಯಾವ್ದೇ ಒಂದು ಕಂಡ್ರೂ ಆ ಕ್ಷಣಕ್ಕೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಮಗು ಅಲುಗಾಡೋದು ಕಮ್ಮಿ ಆದ್ರೂ ಅಷ್ಟೇ. ಬೆಳಗಾಗ್ಲಿ ಅಂತ ಕಾಯ್ಬೇಡಿ."

ಅಂದಿನಿಂದ ಆ ಮನೆಯಲ್ಲಿ ಒಲೆ ಆರಿಸುವ ಮೊದಲು ರುಚಿ ನೋಡುವವಳು ಸೊಸೆ. ಮುಂದಿನ ತಪಾಸಣೆಯಲ್ಲಿ ಸಿಸ್ಟರ್ ಮತ್ತೆ ಎರಡು ಸಲ ಬಿಪಿ ನೋಡಿದರು. ಹದದಕ್ಕನ ಜೀವ ಬಾಯಿಗೆ ಬಂತು.

"ಇಳಿದಿದೆ ಅಕ್ಕಾ. ಮಾತ್ರೆ, ಊಟ ಎರಡೂ ಹೀಗೇ ಇರ್ಲಿ, ತಪಾಸಣೆಗೆ ತಪ್ಪದೆ ಬನ್ನಿ."

"ಮಿಷನ್ ಸರಿಯಾಗಿದೆ ತಾನೇ?" ಎಂದಳು ಹದದಕ್ಕ. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದಾಳೆಯೇ? ಅವಳನ್ನು ತಪ್ಪದೆ ಬಿಪಿ ತಪಾಸಣೆಗೆ ಕರೆದೊಯ್ಯಿರಿ, ಕೊಟ್ಟ ಮಾತ್ರೆ ನುಂಗಿಸಿ. ಇವತ್ತು ಒಲೆ ಆರಿಸುವ ಮುನ್ನ ಮಾಡಿದ ಅಡುಗೆಯನ್ನು ಒಂದು ಬಟ್ಟಲಲ್ಲಿ ಪಕ್ಕದ ಮನೆಗೆ ಕೊಟ್ಟು ಉಪ್ಪು ಹೇಗಿದೆ ಕೇಳಿ. ಅವರು ನಿಜ ಹೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ.