ಗಮನಿಸಲಾಗಿದೆ

ಆಡಳಿತಾಧಿಕಾರಿಗಳು ಒಂದು ವಾರದ ತರಬೇತಿ ಮುಗಿಸಿಕೊಂಡು ಬಂದ ದಿನವೇ ಆ ಕಣ್ಣಿನ ಆಸ್ಪತ್ರೆಗೆ ಗ್ರಹಚಾರ ವಕ್ಕರಿಸಿತು. ಕಚೇರಿಯ ಇಮೇಲುಗಳನ್ನು ಅಚ್ಚುಕಟ್ಟಾಗಿ ನಿಭಾಯಿಸುವುದು ಹೇಗೆ, ಡಿಜಿಟಲ್ ಕಸ ಕಡಿಮೆ ಮಾಡುವುದು ಹೇಗೆ ಎಂಬುದು ತರಬೇತಿಯ ವಿಷಯ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಕುರ್ಚಿಯಲ್ಲಿ ಕೂತವರು ಸಂಜೆ ಐದರೊಳಗೆ ಈ ಬಗ್ಗೆ ಹತ್ತೊಂಬತ್ತು ಇಮೇಲ್ ಕಳಿಸಿದರು. ಅದೂ ಡಾಕ್ಟರುಗಳಿಂದ ಹಿಡಿದು ಗೇಟು ಕಾಯುವವರವರೆಗೆ ಆರುನೂರ ನಲವತ್ತು ಜನಕ್ಕೂ. ಕೊನೆಯದರಲ್ಲಿ ಒಂದು ಪೋಸ್ಟರ್ ಇತ್ತು. ಹಸಿರೆಲೆಯ ಮೇಲೊಂದು ಲಕೋಟೆ, ಪಕ್ಕದಲ್ಲಿ ಕೈಕಟ್ಟಿ ನಿಂತು ಮುಗುಳ್ನಗುತ್ತಿರುವ ಸ್ವತಃ ಆಡಳಿತಾಧಿಕಾರಿಗಳು. ಅದು ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು, ಲೋಟ ತೊಳೆದಿಟ್ಟು ಬರಬಹುದಿತ್ತು.

ಸಾಹೇಬರು ಬರೆದ ಮೇಲೆ ಸುಮ್ಮನಿರಲಾದೀತೇ? ‘ಅಭಿನಂದನೆಗಳು ಸರ್’ ಎಂದು ಔಷಧ ಉಗ್ರಾಣದವರು ಬರೆದರು, ಎಲ್ಲರಿಗೂ. ‘ಕಣ್ಣು ತೆರೆಸಿದಿರಿ ಸರ್’ ಎಂದು ಲೆಕ್ಕಪತ್ರದವರು ಬರೆದರು, ಅದೂ ಎಲ್ಲರಿಗೂ. ‘ದಯವಿಟ್ಟು ಎಲ್ಲರಿಗೂ ಉತ್ತರ ಕಳಿಸಬೇಡಿ’ ಎಂದು ಯಾರೋ ಒಬ್ಬರು ಎಲ್ಲರಿಗೂ ಬರೆದರು. ಅದಕ್ಕೆ ಮೂವತ್ತಾರು ಜನ ‘ಸರಿಯಾಗಿ ಹೇಳಿದಿರಿ’ ಎಂದು ಎಲ್ಲರಿಗೂ ಉತ್ತರಿಸಿದರು.

ನೆಲಮಹಡಿಯ ದಾಖಲೆ ವಿಭಾಗದಲ್ಲಿ ಕೂತು ಪಕ್ಕದ ಮೇಜಿನವರ ಕಂಪ್ಯೂಟರಿನಲ್ಲಿ ಇದನ್ನೆಲ್ಲ ನೋಡುತ್ತಿದ್ದ ಟಪಾಲಕ್ಕ ಮೂಗು ಮುರಿದಳು. ಅವಳು ಈಗ ಆ ವಿಭಾಗದ ಮೇಲ್ವಿಚಾರಕಿ. ಇಪ್ಪತ್ತಾರು ವರ್ಷದ ಹಿಂದೆ ಟಪಾಲು ವಿಭಾಗಕ್ಕೆ ಸೇರಿದವಳಾದ್ದರಿಂದ ಹೆಸರು ಹಾಗೇ ಅಂಟಿಕೊಂಡಿತ್ತು. ಆ ಕಾಲದಲ್ಲಿ ಒಂದು ಕಾಗದ ಬಂತೆಂದರೆ ಅದಕ್ಕೊಂದು ನಂಬರು, ಒಂದು ತಾರೀಖು, ಅದನ್ನು ತೆಗೆದುಕೊಂಡವನ ಸಹಿ. ಕೆಲಸ ಆಗಲಿಲ್ಲವೆಂದರೆ ಯಾರ ಕುತ್ತಿಗೆ ಹಿಡಿಯಬೇಕೆಂಬುದು ಗೊತ್ತಿರುತ್ತಿತ್ತು. ಈಗ ಒಬ್ಬರಿಗೆ ಹೇಳಬೇಕಾದ್ದನ್ನು ಹನ್ನೆರಡು ಜನಕ್ಕೆ ಹೇಳಿ ಎಲ್ಲರೂ ಕೈತೊಳೆದುಕೊಳ್ಳುತ್ತಿದ್ದರು. ಈ ಅಭ್ಯಾಸ ಹಿಡಿಸಿದವರೂ ಆಡಳಿತಾಧಿಕಾರಿಗಳೇ. ಯಾರು ಏನೇ ಬರೆದರೂ ಎಲ್ಲ ವಿಭಾಗದ ಮುಖ್ಯಸ್ಥರಿಗೂ ಅದರ ಪ್ರತಿ, ಅಂದರೆ ‘ಸಿಸಿ’, ಹೋಗಬೇಕೆಂಬುದು ಅವರ ಕಟ್ಟಪ್ಪಣೆ. ಆದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು ಸಿಸಿ ಸಾಹೇಬರು ಎನ್ನುತ್ತಿದ್ದರು.

ದಿನಕ್ಕೆ ಇನ್ನೂರು ಇಮೇಲ್ ಓದಿ ಅಮ್ಮನ ತಲೆ ಚಿಟ್ಟುಹಿಡಿದಿದ್ದನ್ನು ನೋಡಲಾರದೆ ತಿಂಗಳ ಹಿಂದೆ ಟಪಾಲಕ್ಕನ ಮಗಳೇ ಒಂದು ದಾರಿ ತೋರಿಸಿದ್ದಳು.

“ಅಮ್ಮ, ನಿಂಗೇ ಅಂತ ಬರೆದಿದ್ದು ಮಾತ್ರ ಕಣ್ಮುಂದೆ ಬರ್ಲಿ. ಬರೀ ಪ್ರತಿ ಅಂತ ಬಂದಿದ್ದೆಲ್ಲ ತಾನಾಗೇ ಬೇರೆ ಕಡೆ ಹೋಗಿ ಬೀಳೋ ಹಾಗೆ ಮಾಡ್ತೀನಿ. ಆ ಜಾಗಕ್ಕೆ ಏನು ಹೆಸರಿಡ್ಲಿ?”

“ಹೊಟ್ಟು ಅಂತ ಇಡು,” ಎಂದಿದ್ದಳು ಟಪಾಲಕ್ಕ.

ಅಂದಿನಿಂದ ಅವಳಿಗೆ ದಿನಕ್ಕೆ ಒಂಬತ್ತೋ ಹತ್ತೋ ಇಮೇಲ್. ಮಿಕ್ಕವರು ಕಂಪ್ಯೂಟರಿನ ಮುಂದೆ ಉಸ್ಸಪ್ಪಾ ಎನ್ನುತ್ತಿದ್ದರೆ ಇವಳು ಹನ್ನೊಂದು ಗಂಟೆಯೊಳಗೆ ಎಲ್ಲಕ್ಕೂ ಉತ್ತರ ಬರೆದು ಫೈಲು ಹಿಡಿಯುತ್ತಿದ್ದಳು. ತಾನೊಬ್ಬಳೇ ಬುದ್ಧಿವಂತೆ, ಉಳಿದವರೆಲ್ಲ ದಡ್ಡ ಶಿಖಾಮಣಿಗಳು ಎಂಬ ಜಂಬ ಅವಳಿಗೆ ಇರಲಿಲ್ಲ ಎಂದರೆ ಸುಳ್ಳಾದೀತು.

ಬುಧವಾರ ಹನ್ನೊಂದರ ಹೊತ್ತಿಗೆ ಇಡೀ ಆಸ್ಪತ್ರೆಯ ಇಮೇಲ್ ನಿಂತುಹೋಯಿತು.

“ಸರ್ವರ್ ಕಂಠಮಟ್ಟ ತುಂಬಿದೆ ಅಕ್ಕ,” ಎಂದು ಕಂಪ್ಯೂಟರ್ ವಿಭಾಗದವನು ತಲೆ ಕೆರೆದುಕೊಂಡ. “ಸಾಹೇಬ್ರ ಪೋಸ್ಟರ್ ಒಂದೊಂದು ಉತ್ತರಕ್ಕೂ ಅಂಟ್ಕೊಂಡು ಮತ್ತೆ ಎಲ್ರಿಗೂ ಹೋಗಿದೆ. ಹಳೇದು ಓದ್ಬಹುದು, ಹೊಸದು ಬರಲ್ಲ, ಹೋಗಲ್ಲ. ಶುಕ್ರವಾರದವರೆಗೆ ಏನೂ ಕೇಳ್ಬೇಡಿ.”

“ಕಸ ಕಡಿಮೆ ಮಾಡೋ ಪೋಸ್ಟರ್ ತಾನೇ?”

“ಅದೇ.”

ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಇಮೇಲ್ ಇಲ್ಲದೆ ಆಸ್ಪತ್ರೆಯೇನೂ ಮುಳುಗಲಿಲ್ಲ. ಕಣ್ಣು ಪರೀಕ್ಷೆ ನಡೆಯಿತು, ಶಸ್ತ್ರಚಿಕಿತ್ಸೆ ನಡೆಯಿತು, ಕನ್ನಡಕದ ಚೀಟಿಗಳು ಹೋದವು. ಕಂಗಾಲಾದವರು ಆಡಳಿತಾಧಿಕಾರಿಗಳು ಮಾತ್ರ. ಕೋಣೆಯಿಂದ ಹೊರಗೆ ಬರುವರು, ನೋಟೀಸು ಬೋರ್ಡು ಓದುವರು, ಒಳಗೆ ಹೋಗುವರು. ಇಮೇಲ್ ತೆಗೆದರೆ ಆ ಮನುಷ್ಯನ ಹತ್ತಿರ ಬೇರೆ ಕೆಲಸವೇ ಇಲ್ಲ ಎಂಬುದು ಒಂದೇ ಮಧ್ಯಾಹ್ನದಲ್ಲಿ ಇಡೀ ಕಟ್ಟಡಕ್ಕೆ ಗೊತ್ತಾಯಿತು.

ಗುರುವಾರ ಹತ್ತೂವರೆಗೆ ಲಿಫ್ಟಿನ ಮೆಕ್ಯಾನಿಕ್ ಟಪಾಲಕ್ಕನ ಮೇಜಿನ ಮುಂದೆ ಬಂದು ನಿಂತ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ.

“ಮೇಡಂ, ಇಮೇಲ್ ಹೋಗ್ತಿಲ್ಲ. ದೊಡ್ಡ ಲಿಫ್ಟ್ ನಿಲ್ಲಿಸ್ಬೇಕು. ಯಾರನ್ನ ಕೇಳ್ಬೇಕು?”

“ಯಾಕೆ, ಏನಾಗಿದೆ?”

“ಬ್ರೇಕು ಸವೆದುಹೋಗಿದೆ. ಹೋದ ತಿಂಗಳು ನಾಲ್ಕು ಬೆರಳು ಕೆಳಗೆ ಜಾರಿ ನಿಲ್ತಿತ್ತು. ಇವತ್ತು ಒಂದು ಗೇಣು. ನಾಳೆ ನಿಲ್ಲುತ್ತೋ ಇಲ್ವೋ ನಾನು ಹೇಳೋಕಾಗಲ್ಲ.”

ಟಪಾಲಕ್ಕನಿಗೆ ರೇಗಿತು. “ಇದನ್ನ ಇವತ್ತು ಬಂದು ಹೇಳ್ತಾ ಇದೀರಲ್ಲ! ಇಷ್ಟು ದಿನ ಏನು ಮಾಡ್ತಿದ್ರಿ?”

“ಐದು ಸಲ ಬರೆದಿದೀನಿ ಮೇಡಂ. ಬಾಯಲ್ಲಿ ಹೇಳ್ಬೇಡ, ಇಮೇಲ್ ಹಾಕು, ಎಲ್ಲ ಮುಖ್ಯಸ್ಥರಿಗೂ ಪ್ರತಿ ಇರ್ಲಿ ಅಂದ್ರು ಸಾಹೇಬ್ರು. ಹಾಗೇ ಹಾಕಿದೀನಿ. ನಿಮ್ಗೂ ಬಂದಿರುತ್ತೆ.”

ಟಪಾಲಕ್ಕ ‘ಹೊಟ್ಟು’ ತೆರೆದಳು. ನಾಲ್ಕು ಸಾವಿರದ ನೂರು ಚಿಲ್ಲರೆ ಇಮೇಲುಗಳು. ಹುಡುಕಿದರೆ ಐದೂ ಅಲ್ಲೇ ಇದ್ದವು. ತಪ್ಪುತಪ್ಪು ಕಾಗುಣಿತ, ಆದರೆ ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವ ಲಿಫ್ಟು, ಯಾವ ಭಾಗ, ಎಷ್ಟು ಸವೆದಿದೆ, ಯಾವಾಗಿನಿಂದ ಎಂದು ಬರೆದು, ‘ರೋಗಿಗಳನ್ನು ಹತ್ತಿಸಬೇಡಿ’ ಎಂದು ಮುಗಿಸಿದ್ದ. ಐದಕ್ಕೂ ಆಡಳಿತಾಧಿಕಾರಿಗಳು ಒಂದೇ ಉತ್ತರ ಹಾಕಿದ್ದರು. ‘ಗಮನಿಸಲಾಗಿದೆ. ಸಂಬಂಧಪಟ್ಟವರು ಅಗತ್ಯ ಕ್ರಮ ಕೈಗೊಳ್ಳುವುದು.’ ಸಂಬಂಧಪಟ್ಟವರು ಯಾರು? ಹನ್ನೆರಡು ಜನ ಮುಖ್ಯಸ್ಥರಲ್ಲಿ ಪ್ರತಿಯೊಬ್ಬರೂ ಅದು ಉಳಿದ ಹನ್ನೊಂದರಲ್ಲಿ ಒಬ್ಬರೆಂದು ತಿಳಿದು ನೆಮ್ಮದಿಯಾಗಿದ್ದರು. ಇಬ್ಬರಂತೂ ‘ಧನ್ಯವಾದಗಳು ಸರ್’ ಎಂದು ಬೇರೆ ಬರೆದಿದ್ದರು.

ಆ ಹನ್ನೆರಡರಲ್ಲಿ ತಾನೂ ಒಬ್ಬಳು. ಅವರಾದರೂ ಓದಿ ಸುಮ್ಮನಿದ್ದರು, ತಾನು ಓದಲೂ ಇಲ್ಲ. ಟಪಾಲಕ್ಕನ ಮುಖ ಸುಟ್ಟಂತಾಯಿತು.

“ಬನ್ನಿ,” ಎಂದು ಎದ್ದಳು.

ಶಸ್ತ್ರಚಿಕಿತ್ಸೆಯ ಕೋಣೆಗಳಿದ್ದದ್ದು ಮೂರನೇ ಮಹಡಿಯಲ್ಲಿ. ಇಬ್ಬರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಾಗ ದೊಡ್ಡ ಲಿಫ್ಟಿನ ಬಾಗಿಲು ತೆರೆಯುತ್ತಿತ್ತು. ಒಬ್ಬ ಸಹಾಯಕಿ ಗಾಲಿಕುರ್ಚಿಯನ್ನು ಮುಂದಕ್ಕೆ ತಳ್ಳುತ್ತಿದ್ದಳು. ಕುರ್ಚಿಯಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕಿ, ಮಡಿಲಲ್ಲಿ ಕನ್ನಡಕದ ಡಬ್ಬಿ. ಲಿಫ್ಟಿನ ನೆಲ ಒಂದು ಗೇಣಲ್ಲ, ಮೊಣಕಾಲಷ್ಟು ಕೆಳಗಿತ್ತು. ಸಹಾಯಕಿ ಹಿಂದಿದ್ದವರ ಜೊತೆ ಏನೋ ಮಾತಾಡುತ್ತ ಅತ್ತ ನೋಡಿಯೇ ಇರಲಿಲ್ಲ.

“ನಿಲ್ಸೇ!” ಎಂದು ಕಿರುಚಿ ಟಪಾಲಕ್ಕ ಕುರ್ಚಿಯ ತೋಳಿಗೆ ಜೋತುಬಿದ್ದಳು. ಮುಂದಿನ ಗಾಲಿ ಅಂಚಿನಲ್ಲಿ ನಿಂತಿತು. ಮುದುಕಿ ತಲೆಯೆತ್ತಿ, “ಯಾರಮ್ಮ ಅದು, ಹಾಗೆ ಕೂಗ್ಕೊಳ್ಳೋದು?” ಎಂದು ಗದರಿದಳು.

“ಏನಿಲ್ಲ ಅಜ್ಜಿ, ಬೇರೆ ದಾರೀಲಿ ಹೋಗೋಣ,” ಎಂದಳು ಟಪಾಲಕ್ಕ. ಕುರ್ಚಿಯನ್ನು ಅಂಚಿನಿಂದ ಹಿಂದಕ್ಕೆ ಎಳೆದಳು.

ಮೆಕ್ಯಾನಿಕ್ ಲಿಫ್ಟಿನ ವಿದ್ಯುತ್ ತೆಗೆದು ಬಾಗಿಲಿಗೆ ಬೀಗ ಹಾಕಿದ. ಟಪಾಲಕ್ಕ ಔಷಧದ ರಟ್ಟಿನ ಪೆಟ್ಟಿಗೆ ಹರಿದು ‘ಲಿಫ್ಟ್ ಕೆಟ್ಟಿದೆ, ಹತ್ತಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಎಲ್ಲ ಮಹಡಿಯಲ್ಲೂ ಅಂಟಿಸಿದಳು. ಹಿಂದುಗಡೆ ಹಳೇ ಮಂಚಗಳನ್ನು ಪೇರಿಸಿಟ್ಟಿದ್ದ ಇಳಿಜಾರು ದಾರಿಯನ್ನು ಹಿರಿಯ ನರ್ಸಿಗೆ ಹೇಳಿ ಅರ್ಧ ಗಂಟೆಯಲ್ಲಿ ಖಾಲಿ ಮಾಡಿಸಿದಳು. ರೋಗಿಗಳು ಆ ದಾರಿಯಲ್ಲಿ ಇಳಿಯತೊಡಗಿದರು.

ಅಷ್ಟರಲ್ಲಿ ಆಡಳಿತಾಧಿಕಾರಿಗಳು ಬಂದರು.

“ಯಾರನ್ನ ಕೇಳಿ ಬೀಗ ಹಾಕಿದ್ರಿ? ಇದಕ್ಕೊಂದು ಕ್ರಮ ಇದೆ. ನಂಗೊಂದು ಇಮೇಲ್ ಹಾಕ್ಬೇಕಿತ್ತು.”

“ಇಮೇಲ್ ನಿಂತಿದೆ ಸಾರ್.”

“ನಾಳೆ ಶುರುವಾಗುತ್ತಲ್ಲ, ಆಮೇಲೆ ಹಾಕಿದ್ರೆ ಆಗ್ತಿರ್ಲಿಲ್ವಾ?”

ಟಪಾಲಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನ ಮೇಲೆ ಹಸಿರೆಲೆಯ ಬಿಲ್ಲೆ.

“ಇವ್ರು ಐದು ಸಲ ಬರೆದಿದ್ರು ಸಾರ್. ನೀವು ಐದು ಸಲ ಗಮನಿಸಿದೀರಿ. ಏನು ಬರೆದಿದ್ರು ಅಂತ ಹೇಳಿ ನೋಡೋಣ?”

ಅವರು ಮೆಕ್ಯಾನಿಕ್ಕಿನ ಮುಖ ನೋಡಿದರು, ಬೀಗ ನೋಡಿದರು. “ಅದು… ಲಿಫ್ಟಿನ ಸ್ವಚ್ಛತೆ ಬಗ್ಗೆ ಅಲ್ವಾ?” ಎಂದರು.

ಅಲ್ಲಿದ್ದ ನರ್ಸುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗದ್ದಲ ಕೇಳಿ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಗೆ ಬಂದಿದ್ದ ಮುಖ್ಯ ವೈದ್ಯೆ ಮಾತ್ರ ನಗಲಿಲ್ಲ. ಮೆಕ್ಯಾನಿಕ್ಕನ್ನು ಕರೆದುಕೊಂಡು ತಾರಸಿಯ ಯಂತ್ರದ ಕೋಣೆಗೆ ಹತ್ತಿ ಹೋದರು. ಕಾಲು ಗಂಟೆ ಬಿಟ್ಟು ಇಳಿದು ಬಂದಾಗ ಅವರ ಬೆರಳಿಗೆ ಕರಿ ಮೆತ್ತಿತ್ತು. “ಹೊಸ ಬ್ರೇಕ್ ಬರೋವರೆಗೆ ಈ ಬೀಗ ಯಾರೂ ಮುಟ್ಟಕೂಡದು,” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಸಂಜೆ ಮೆಕ್ಯಾನಿಕ್ ಬೀಗದ ಕೈ ಕೊಡಲು ಬಂದ. ಕೊಟ್ಟವನು ಹೋಗದೆ ಅಲ್ಲೇ ನಿಂತ.

“ಮೇಡಂ, ಒಂದು ಕೇಳ್ಲಾ? ನೀವೂ ಓದಿರ್ಲಿಲ್ಲ ಅಲ್ವಾ?”

“ಇಲ್ಲ. ಓದಿರ್ಲಿಲ್ಲ,” ಎಂದಳು ಟಪಾಲಕ್ಕ. “ಇನ್ಮೇಲೆ ಇಂಥದ್ದು ಬರೀತಾ ಕೂರ್ಬೇಡಿ. ಬಂದು ಹೇಳಿ. ನಾನಿಲ್ದಿದ್ರೆ ಫೋನ್ ಮಾಡಿ.”

ಶುಕ್ರವಾರ ಸರ್ವರ್ ಕಣ್ಣುಬಿಟ್ಟಿತು. ಮೊದಲು ಬಂದ ಇಮೇಲ್ ಆಡಳಿತಾಧಿಕಾರಿಗಳದ್ದೇ. ಡಿಜಿಟಲ್ ಸ್ವಚ್ಛತಾ ಅಭಿಯಾನದ ಫಲವಾಗಿ ಲಿಫ್ಟಿನ ದೋಷ ಸಕಾಲದಲ್ಲಿ ಪತ್ತೆಯಾಯಿತೆಂದು ಎರಡು ಪುಟ ಕೊರೆದಿದ್ದರು. ‘ಅಭಿನಂದನೆಗಳು ಸರ್’ ಎಂದು ಇನ್ನೂರು ಜನ ಬರೆದರು. ಅದರಲ್ಲಿ ಮೂರನೇ ಮಹಡಿಯಲ್ಲಿ ಎಲ್ಲವನ್ನೂ ಕಣ್ಣಾರೆ ಕಂಡವರೂ ಇದ್ದರು. ಬೆನ್ನುಮೂಳೆ ಇಲ್ಲದ ಜನ ಎಂದುಕೊಂಡಳು ಟಪಾಲಕ್ಕ. ಅಂದುಕೊಂಡು ಸುಮ್ಮನಾಗಲಿಲ್ಲ. ಆ ಇನ್ನೂರನ್ನೂ ಕಾಗದದ ಮೇಲೆ ಮುದ್ರಿಸಿ, ಮೇಲೆ ಮೆಕ್ಯಾನಿಕ್ಕಿನ ಐದನ್ನಿಟ್ಟು, ದಾರ ಕಟ್ಟಿ ಮುಖ್ಯ ವೈದ್ಯೆಯ ಮೇಜಿನ ಮೇಲಿಟ್ಟು ಬಂದಳು.

ಸೋಮವಾರ ಮುಖ್ಯ ವೈದ್ಯೆ ಅವಳನ್ನು ಕರೆಸಿ, “ಏನು ಮಾಡ್ಬೇಕು, ನೀವೇ ಹೇಳಿ,” ಎಂದರು.

ಅವಳು ಹೇಳಿದ್ದನ್ನು ಅವರು ಸಹಿ ಹಾಕಿ ನೋಟೀಸು ಬೋರ್ಡಿಗೆ ಅಂಟಿಸಿದರು. ಕೆಲಸ ಯಾರದೋ ಅವರಿಗೆ ಮಾತ್ರ ಬರೆಯಬೇಕು. ಪ್ರಾಣಕ್ಕೆ ಸಂಬಂಧಿಸಿದ್ದನ್ನು ಬರೆಯುತ್ತ ಕೂರದೆ ಎದ್ದುಹೋಗಿ ಹೇಳಬೇಕು. ಎಲ್ಲರಿಗೂ ಒಟ್ಟಿಗೆ ಬರೆಯುವ ಅಧಿಕಾರ ಮುಖ್ಯ ವೈದ್ಯೆಯ ಕಚೇರಿಗೆ ಬಿಟ್ಟರೆ ಇನ್ನು ಯಾರಿಗೂ ಇಲ್ಲ. ಕಂಪ್ಯೂಟರ್ ವಿಭಾಗದವನು ಅದೇ ದಿನ ‘ಎಲ್ಲರಿಗೂ ಕಳಿಸು’ ಎಂಬ ಗುಂಡಿಯನ್ನು ಬಂದ್ ಮಾಡಿದ. ಟಪಾಲಕ್ಕ ಮೂರು ದಿನ ಕೂತು ‘ಹೊಟ್ಟಿ’ನ ನಾಲ್ಕು ಸಾವಿರವನ್ನೂ ಒಂದೊಂದಾಗಿ ತೆರೆದು ನೋಡಿ ಅಳಿಸಿದಳು. ಕೆಲಸಕ್ಕೆ ಬರುವಂಥದ್ದು ಹದಿನೇಳು ಸಿಕ್ಕಿದವು.

ತಿಂಗಳು ಕಳೆದ ಮೇಲೆ ಒಂದು ದಿನ ಆಡಳಿತಾಧಿಕಾರಿಗಳು ದಾಖಲೆ ವಿಭಾಗಕ್ಕೆ ಇಳಿದು ಬಂದರು. ಮುಖ ಇಳಿದಿತ್ತು.

“ಬೆಳಿಗ್ಗೆ ನಿಮ್ಗೊಂದು ಇಮೇಲ್ ಹಾಕಿದ್ದೆ. ಬಂತಾ?”

“ಬಂತು ಸಾರ್. ಓದಿದೆ.”

“ಮತ್ತೆ ಉತ್ತರಾನೇ ಬರ್ಲಿಲ್ಲ?”

“ಅದರಲ್ಲಿ ಏನೂ ಕೇಳಿರ್ಲಿಲ್ವಲ್ಲ ಸಾರ್,” ಎಂದ ಟಪಾಲಕ್ಕ, ಮುಂದಿನ ಫೈಲು ಬಿಚ್ಚಿದಳು.