ಮೊದಲು ತಂದ ವಿಷಯ

"ಇವರು ಕೈಯಾಡಿಸದ ಕ್ಷೇತ್ರವೇ ಇಲ್ಲ!" ಎಂದು ವಿಭಾಗದ ಮುಖ್ಯಸ್ಥರು ಮೈಕಿನಲ್ಲಿ ಗುಡುಗಿದಾಗ ಸಭೆ ಚಪ್ಪಾಳೆ ತಟ್ಟಿತು. ಅಂದು ನಿವೃತ್ತರಾಗುತ್ತಿದ್ದ ಸಾಹಿತ್ಯದ ಪ್ರಾಧ್ಯಾಪಕರು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಎಲ್ಲರೂ ಅದನ್ನು ವಿನಯವೆಂದುಕೊಂಡರು.

"ಛಂದಸ್ಸು!" ಎಂದರು ಮುಖ್ಯಸ್ಥರು. ಪ್ರಾಧ್ಯಾಪಕರ ಕಣ್ಣು ಕೊನೆಯ ಸಾಲಿಗೆ ಹೋಯಿತು. ಅಲ್ಲಿ ಅವರ ಸಂಶೋಧನಾ ವಿದ್ಯಾರ್ಥಿನಿ ಕೂತಿದ್ದಳು. ಛಂದಸ್ಸಿನ ಮೇಲೆ ಅವಳಿಂದ ಅರ್ಧ ಪ್ರಬಂಧ ಬರೆಸಿದ್ದರು. ಅಷ್ಟರಲ್ಲಿ ಅವರಿಗೆ ನಾಟಕದ ಹುಚ್ಚು ಹತ್ತಿತು. "ಛಂದಸ್ಸು ಯಾರಿಗೆ ಬೇಕಮ್ಮ, ರಂಗಭೂಮಿ ನೋಡು," ಎಂದರು. ಅವಳು ನೋಡಿದಳು. ಆಮೇಲೆ ಅನುವಾದ ಬಂತು, ಅದರ ಬೆನ್ನಿಗೇ ಹಕ್ಕಿಗಳ ಹೆಸರಿನ ಮೂಲ. ಗುರುಗಳು ಹೊಸ ಪುಸ್ತಕ ಕೊಂಡರೆ ಶಿಷ್ಯೆಯ ವಿಷಯ ಬದಲಾಯಿತೆಂದೇ ಲೆಕ್ಕ ಎಂದು ವಿಭಾಗದಲ್ಲಿ ನಗೆಯಾಡುತ್ತಿದ್ದರು. ಕೇಳಿ ಅವರೂ ನಕ್ಕಿದ್ದರು.

ಈಗ ಮುಖ್ಯಸ್ಥರು ಹೊಗಳುತ್ತಿದ್ದ ಒಂದೊಂದು ಕ್ಷೇತ್ರವೂ ಅವಳ ಒಂದಷ್ಟು ವರ್ಷಗಳನ್ನು ನುಂಗಿತ್ತು. ಅವಳ ಜೊತೆ ಸೇರಿದವರು ಮೇಷ್ಟ್ರುಗಳಾಗಿ ಮುಂದಿನ ಸಾಲಿನಲ್ಲಿದ್ದರು. ಅವಳ ಕಿವಿಯ ಬಳಿ ಕೂದಲು ನೆರೆತಿತ್ತು. ನೋಂದಣಿಯ ಅವಧಿ ಈ ತಿಂಗಳಿಗೆ ಮುಗಿದರೆ ಪದವಿಯೂ ಇಲ್ಲ, ಕೆಲಸವೂ ಇಲ್ಲ. ಊರಿಗೆಲ್ಲ ಪಾಂಡಿತ್ಯ ಹಂಚಿ, ನಂಬಿ ಬಂದವಳ ಕೈಗೆ ಚಿಪ್ಪು ಕೊಟ್ಟೆನಲ್ಲ ಎಂದು ಅವರು ತಮ್ಮನ್ನೇ ಹಳಿದುಕೊಂಡರು.

ಸಭೆ ಮುಗಿದ ಮೇಲೆ ಅವಳು ಕುರ್ಚಿಗಳನ್ನು ಮಡಚುತ್ತಿದ್ದಳು.

"ಬಿಡಮ್ಮ ಅದನ್ನ. ತಪ್ಪೆಲ್ಲ ನಂದೇ. ನಿನ್ನ ಹಾಳು ಮಾಡಿಬಿಟ್ಟೆ."

"ಅಯ್ಯೋ, ಹಾಗೆಲ್ಲ ಅನ್ನಬೇಡಿ ಸರ್. ನಿಮ್ಮಿಂದ ಎಷ್ಟೊಂದು ಕಲಿತೆ."

ಬೈದಿದ್ದರೆ ವಾಸಿಯಿತ್ತು.

"ಕುಲಪತಿಗಳ ಕಾಲು ಹಿಡಿದಾದ್ರೂ ಇನ್ನೊಂದು ವರ್ಷ ಕೊಡಿಸ್ತೀನಿ. ಮೊದಲು ನೀನೇ ಒಂದು ವಿಷಯ ತಂದಿದ್ದೆಯಲ್ಲ, ಅದನ್ನೇ ಬರಿ. ನಾನು ಬಾಯಿ ಹಾಕಲ್ಲ."

ಅವಳು ಕುರ್ಚಿಯನ್ನು ಗೋಡೆಗೆ ಒರಗಿಸಿದಳು. "ಅದು ಯಾವುದು ಅಂತ ನೆನಪಿದೆಯಾ ಸರ್?"

ನೂರಾರು ಪದ್ಯ ಬಾಯಿಪಾಠವಿದ್ದವರಿಗೆ ಅದೊಂದು ನೆನಪಾಗಲಿಲ್ಲ. ಅವಳು ಇನ್ನೊಂದು ಕುರ್ಚಿ ಮಡಚಿದಳು.

"ಒಗಟು ಸರ್. ನಮ್ಮಜ್ಜಿ ಹೇಳ್ತಿದ್ದ ಒಗಟುಗಳು."

"ಒಗಟು! ಎಂಥಾ ವಿಷಯ ಕಣಮ್ಮ! ಆದ್ರೆ ಬರೀ ಅಜ್ಜಿ ಒಗಟು ಯಾಕೆ? ಒಗಟಿಗೂ ಗಣಿತಕ್ಕೂ ಒಂದು ನಂಟಿದೆ ನೋಡು, ಮೊನ್ನೆ ಒಂದು ಪುಸ್ತಕದಲ್ಲಿ..."

ಪ್ರಾಧ್ಯಾಪಕರು ನಾಲಿಗೆ ಕಚ್ಚಿಕೊಂಡರು.

ಅಷ್ಟರಲ್ಲಿ ಅವಳು ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ್ದಳು.